ಹಳೆಯ ಗೇಮಿಂಗ್ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕಬೇಕೋ, ಹೊಸದನ್ನೇ ಕೊಳ್ಳಬೇಕೋ?

ಪ್ರಶ್ನೆ: ನಾನು ರಾಯಚೂರಿನವನು, ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಅಣ್ಣ 2019ರ ಕೊನೆಯಲ್ಲಿ ಕೊಂಡ ಗೇಮಿಂಗ್ ಲ್ಯಾಪ್‌ಟಾಪ್ ಈಗ ನನ್ನ ಬಳಿ ಇದೆ. ಇಂಟೆಲ್ ಐ5-9300ಎಚ್, ಎನ್‌ವಿಡಿಯಾ ಜಿಟಿಎಕ್ಸ್ 1650 (4 ಜಿಬಿ), 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇನ್ನೂ ವಿಂಡೋಸ್ 10ರಲ್ಲೇ ಇದೆ. ಆನ್ ಆಗಲು ನಾಲ್ಕು ನಿಮಿಷ ಬೇಕು. ವ್ಯಾಲರಂಟ್ ಗೇಮ್ ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಡವರಿಸುತ್ತದೆ. ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಸೈಬರ್‌ಪಂಕ್ 2077 ಆಡುವ ಆಸೆ ಇದೆ. ಅಂಗಡಿಯವರು ‘ಇದಕ್ಕೆ ದುಡ್ಡು ಹಾಕಬೇಡಿ, ಹೊಸದು ತಗೊಳ್ಳಿ’ ಎನ್ನುತ್ತಾರೆ. ಗೆಳೆಯರು ‘ರ‍್ಯಾಮ್ ಹಾಕಿಸು ಸಾಕು’ ಎನ್ನುತ್ತಾರೆ. ಅಪ್ಪ ಕಂತಿನಲ್ಲಿ 75 ಸಾವಿರದವರೆಗೆ ಕೊಡಿಸಲು ಒಪ್ಪಿದ್ದಾರೆ. ಏನು ಮಾಡಲಿ?

ಉತ್ತರ: ಈಗಲೇ ಹೊಸದು ಬೇಡ. ಮೊದಲು ಒಂದು ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕ್‌ಗಿಂತ ಬಹಳ ವೇಗದ ಡಿಸ್ಕ್, ಹಾಕಿಸಿ. ಒಳಗಿನ ಧೂಳು ತೆಗೆಸಿ, ಚಿಪ್‌ನ ಬಿಸಿಯನ್ನು ಹೊರಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ. ರ‍್ಯಾಮ್ ವಿಷಯದಲ್ಲಿ ಈ ಹೊತ್ತಿನಲ್ಲಿ ಸ್ವಲ್ಪ ಲೆಕ್ಕ ಹಾಕಬೇಕು, ಮುಂದೆ ಹೇಳುತ್ತೇನೆ. ಅಪ್ಪನ 75 ಸಾವಿರವನ್ನು ಈಗ ಮುಟ್ಟಬೇಡಿ.

ಗೇಮಿಂಗ್ ಲ್ಯಾಪ್‌ಟಾಪ್ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನಿಸುವುದು ಅದರ ಗ್ರಾಫಿಕ್ಸ್ ಚಿಪ್. ಅದನ್ನು ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಅದರ 4 ಜಿಬಿ ಮೆಮೊರಿಯೂ ಹಾಗೆಯೇ, ಪ್ರೊಸೆಸರ್ ಕೂಡ ಹಾಗೆಯೇ. ಈ ಮೂರನ್ನು ಬದಲಾಯಿಸಲು ಆಗುವುದಿಲ್ಲ. ‘ಗ್ರಾಫಿಕ್ಸ್ ಕಾರ್ಡ್ ದೊಡ್ಡದು ಹಾಕಿಕೊಡ್ತೀವಿ’ ಎಂದು ಯಾರಾದರೂ ಹೇಳಿದರೆ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದುಬಿಡಿ. ಉಳಿದದ್ದನ್ನೆಲ್ಲ, ಅಂದರೆ ಡಿಸ್ಕ್, ರ‍್ಯಾಮ್, ಬ್ಯಾಟರಿ, ಫ್ಯಾನ್, ಕೀಬೋರ್ಡ್, ವೈಫೈ ಕಾರ್ಡ್, ಬದಲಾಯಿಸಬಹುದು. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟು: ನಿಮಗೆ ಕಾಟ ಕೊಡುತ್ತಿರುವುದು ಬದಲಾಯಿಸಲಾಗದ ಭಾಗವಾ, ಬದಲಾಯಿಸಬಹುದಾದ ಭಾಗವಾ? ಎರಡನೆಯದು, ಈಗ ಹಾಕುವ ದುಡ್ಡು ಮುಂದೆ ಹೊಸ ಲ್ಯಾಪ್‌ಟಾಪ್ ತಂದಾಗ ಅದರ ಜೊತೆಗೂ ಕೆಲಸಕ್ಕೆ ಬರುತ್ತದಾ, ಇಲ್ಲೇ ಮುಗಿಯುತ್ತದಾ?

ನಿಮ್ಮ ದೂರುಗಳನ್ನು ಈ ಎರಡು ಪ್ರಶ್ನೆಗಳ ಎದುರು ಇಟ್ಟು ನೋಡೋಣ.

ಆನ್ ಆಗಲು ನಾಲ್ಕು ನಿಮಿಷ ಬೇಕಾಗುವುದಕ್ಕೆ ಕಾರಣ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿದ್ದುದು ಹೆಚ್ಚಾಗಿ 5400 ಆರ್‌ಪಿಎಂ ಡಿಸ್ಕ್. ಒಂದು ದೊಡ್ಡ ಸಿನಿಮಾ ಫೈಲ್ ಕಾಪಿ ಮಾಡುವಾಗ ಅದು ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ. ಆದರೆ ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್‌ಗಳು ಬೇಕು. ಪ್ರತಿಯೊಂದಕ್ಕೂ ಡಿಸ್ಕಿನ ಒಳಗಿನ ಮುಳ್ಳು ಜಾಗ ಬದಲಿಸಬೇಕು. ಆಗ ವೇಗ ಒಂದೆರಡು ಎಂಬಿಗೆ ಕುಸಿಯುತ್ತದೆ. ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ಅದರಲ್ಲಿ ಎರಡು ಬಗೆ: ಹಳೆಯ ಬಗೆಯ ಜೋಡಣೆಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿವರೆಗೆ ಓದುತ್ತದೆ, ಪಿಸಿಐಇ 3.0 ಎಂಬ ವೇಗದ ಜೋಡಣೆಯ ಎನ್‌ವಿಎಂಇ ಎಸ್‌ಎಸ್‌ಡಿ 3,500 ಎಂಬಿವರೆಗೆ. ದಿನಬಳಕೆಯಲ್ಲಿ ಈ ಎರಡರ ನಡುವಿನ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕ್‌ನಿಂದ ಇವೆರಡರಲ್ಲಿ ಯಾವುದಕ್ಕೆ ಹೋದರೂ ಲ್ಯಾಪ್‌ಟಾಪ್ ಬೇರೆಯದೇ ಅನಿಸುತ್ತದೆ.

ಕೊಳ್ಳುವಾಗ ಮಾತ್ರ ಎನ್‌ವಿಎಂಇಯನ್ನೇ ಕೊಳ್ಳಿ. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಾಟಾ ಡಿಸ್ಕ್ ಕೂರಿಸುವ ಜಾಗವೇ ಇರುವುದಿಲ್ಲ. ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಮಾತ್ರ ಇರುತ್ತದೆ. ಇವತ್ತು ಹಾಕಿದ ಎನ್‌ವಿಎಂಇಯನ್ನು ಎರಡು ವರ್ಷ ಬಿಟ್ಟು ಬಿಚ್ಚಿ ಹೊಸದಕ್ಕೆ ಹಾಕಬಹುದು. ಅದೇ ಕಾರಣಕ್ಕೆ ಪಿಸಿಐಇ 4.0 ಎಸ್‌ಎಸ್‌ಡಿ ಹೆಚ್ಚು ಬೆಲೆ ವ್ಯತ್ಯಾಸವಿಲ್ಲದೆ ಸಿಕ್ಕರೆ ಅದನ್ನೇ ತಗೊಳ್ಳಿ. ನಿಮ್ಮ 3.0 ಸ್ಲಾಟ್‌ನಲ್ಲಿ ಅದು 3.0ರ ವೇಗದಲ್ಲಿ ಓಡುತ್ತದೆ, ತೊಂದರೆ ಏನೂ ಇಲ್ಲ. ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ನಂಬರ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಅದನ್ನು ಹಿಡಿದು ಕಂಪನಿಯ ಸರ್ವಿಸ್ ಮ್ಯಾನುಯಲ್ ತೆರೆದು, ಎಂ.2 ಸ್ಲಾಟ್ ಎನ್‌ವಿಎಂಇಯನ್ನು ಒಪ್ಪುತ್ತದಾ, 2280, ಅಂದರೆ 80 ಮಿ.ಮೀ. ಉದ್ದದ್ದು ಹಿಡಿಸುತ್ತದಾ ಎಂದು ನೋಡಿ. ಕೆಲವು ಮಾಡೆಲ್‌ಗಳಲ್ಲಿ ಆ ಸ್ಲಾಟ್ ಬರೀ ಸಾಟಾ ಮಾತ್ರ ಒಪ್ಪುತ್ತದೆ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ 11 ಹೊಸದಾಗಿಯೇ ಹಾಕಿ, ಹಳೆಯದನ್ನು ಇದ್ದ ಹಾಗೇ ನಕಲು (ಕ್ಲೋನ್) ಮಾಡಬೇಡಿ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದೃಷ್ಟಕ್ಕೆ ನಿಮ್ಮದು 9ನೇ ತಲೆಮಾರಿನ ಪ್ರೊಸೆಸರ್. ಇಂಟೆಲ್‌ನಲ್ಲಿ 8ನೇ ತಲೆಮಾರಿನಿಂದ ಈಚೆಗಿನವು ವಿಂಡೋಸ್ 11ಕ್ಕೆ ಅರ್ಹ. ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ನೆಟ್‌ಗೆ ಕನೆಕ್ಟ್ ಆದ ಕೂಡಲೇ ತಾನಾಗಿ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೆಟ್ಟಿಂಗ್ ಎರಡೂ ಆನ್ ಇರಲೇಬೇಕು. ಬಯೋಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ ಮೊದಲೇ ಆನ್ ಮಾಡಿಕೊಳ್ಳಿ, ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಈಗ ಬಿಸಿಯ ವಿಷಯ. ‘ಶುರುವಿನಲ್ಲಿ ಚೆನ್ನಾಗಿ ಓಡುತ್ತದೆ, ಸ್ವಲ್ಪ ಹೊತ್ತಾದ ಮೇಲೆ ತಡವರಿಸುತ್ತದೆ’ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಅದು. ಗ್ರಾಫಿಕ್ಸ್‌ಗೆ ಶಕ್ತಿ ಸಾಲದಿದ್ದರೆ ಮೊದಲ ನಿಮಿಷದಿಂದಲೇ ನಿಧಾನ ಇರುತ್ತಿತ್ತು. ಜಿಟಿಎಕ್ಸ್ 1650ಗೆ ವ್ಯಾಲರಂಟ್ ಒಂದು ಭಾರವೇ ಅಲ್ಲ, ಸುಲಭವಾಗಿ ನೂರು ಎಫ್‌ಪಿಎಸ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ದಾಟಬೇಕು. ಹೊತ್ತು ಕಳೆದ ಮೇಲೆ ನಿಧಾನವಾಗುತ್ತಿದೆ ಅಂದರೆ ಬಿಸಿಯಾಗಿ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತಿದೆ.

ಇದನ್ನು ಕಣ್ಣಾರೆ ನೋಡಬಹುದು. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿ, ಅದನ್ನು ತೆರೆದಿಟ್ಟು ಅರ್ಧ ಗಂಟೆ ಆಡಿ. ಆಮೇಲೆ ಪ್ರೊಸೆಸರ್‌ನ ಉಷ್ಣಾಂಶ ಮತ್ತು ಕ್ಲಾಕ್ (ಅದು ಓಡುತ್ತಿರುವ ವೇಗ) ಎರಡನ್ನೂ ನೋಡಿ. ಐ5-9300ಎಚ್‌ನ ಗರಿಷ್ಠ ವೇಗ 4.1 ಗಿಗಾಹರ್ಟ್ಸ್, ಮೂಲ ವೇಗ 2.4. ಅದು ತಡೆದುಕೊಳ್ಳುವ ಗರಿಷ್ಠ ಬಿಸಿ 100 ಡಿಗ್ರಿ. ಉಷ್ಣಾಂಶ 95ರ ಮೇಲೆಯೇ ನಿಂತಿದ್ದು, ಕ್ಲಾಕ್ 2.4ರ ಕಡೆಗೆ ಇಳಿದಿದ್ದರೆ ರೋಗ ಸಿಕ್ಕಿತು ಎಂದೇ ಅರ್ಥ. ರಾಯಚೂರಿನ ಬೇಸಿಗೆಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕೋಣೆ 25 ಡಿಗ್ರಿ ಇದ್ದಾಗ 85ಕ್ಕೆ ನಿಲ್ಲುವ ಚಿಪ್, ಕೋಣೆ 38 ಇದ್ದಾಗ ಹೆಚ್ಚೂಕಡಿಮೆ ಆ 13 ಡಿಗ್ರಿಯಷ್ಟೇ ಮೇಲೇರುತ್ತದೆ. ಮಲೆನಾಡಿನಲ್ಲಿ ಸರಿಯಾಗಿ ಓಡುವ ಅದೇ ಮಾಡೆಲ್ ನಿಮ್ಮಲ್ಲಿ ಏಪ್ರಿಲ್‌ನಲ್ಲಿ ಒದ್ದಾಡುವುದಕ್ಕೆ ಇದೇ ಕಾರಣ.

ಈ ವಯಸ್ಸಿನ ಲ್ಯಾಪ್‌ಟಾಪ್ ಬಿಚ್ಚಿದಾಗ ಒಳಗೆ ಏನಿರುತ್ತದೆ ಗೊತ್ತಾ? ಹಿಂದಿನ ಮುಚ್ಚಳ ತೆಗೆದರೆ ಮೇಲ್ನೋಟಕ್ಕೆ ಎಲ್ಲ ಚೊಕ್ಕಟವಾಗಿಯೇ ಕಾಣುತ್ತದೆ. ‘ಧೂಳೇನೂ ಇಲ್ವಲ್ಲ’ ಅನಿಸುತ್ತದೆ. ಆದರೆ ಫ್ಯಾನಿನ ಸ್ಕ್ರೂ ಬಿಚ್ಚಿ ಅದನ್ನು ಪಕ್ಕಕ್ಕೆ ಎತ್ತಿದಾಗ, ಫ್ಯಾನಿಗೂ ಗಾಳಿ ಹೊರಹೋಗುವ ಲೋಹದ ಪದರಗಳಿಗೂ ನಡುವೆ ಬೂದು ಬಣ್ಣದ ಧೂಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ತುಂಡಾಗಿ ಎದ್ದು ಬರುತ್ತದೆ. ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಗಾಳಿ ಅದನ್ನು ದಾಟುವುದಿಲ್ಲ. ನಿಮ್ಮ ಪಕ್ಕದ ಕೋಣೆಗೆ ಕೇಳುವ ಸದ್ದು ಇದೇ. ಹೊರಗಿನಿಂದ ಬ್ಲೋಅರ್ ಹಿಡಿದು ಗಾಳಿ ಊದಿದರೆ ಈ ಪದರ ಹೋಗುವುದಿಲ್ಲ, ಒಳಕ್ಕೆ ಸರಿಯುತ್ತದೆ ಅಷ್ಟೇ. ಇನ್ನು ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಆರೇಳು ವರ್ಷದಲ್ಲಿ ಗಟ್ಟಿಯಾಗಿ, ಕೆರೆದರೆ ಪುಡಿ ಉದುರುವ ಹಾಗೆ ಆಗಿರುತ್ತದೆ.

ಹಾಗಾಗಿ ಸರ್ವಿಸ್ ಅಂಗಡಿಯಲ್ಲಿ ‘ಕ್ಲೀನ್ ಮಾಡಿ’ ಎಂದು ಹೇಳಿ ಬಿಟ್ಟುಬರಬೇಡಿ. ಫ್ಯಾನ್ ಮತ್ತು ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೊರಸಾಗಿಸುವ ಲೋಹದ ಭಾಗ) ಎರಡನ್ನೂ ಹೊರಗೆ ತೆಗೆದು ಧೂಳು ತೆಗೆಯಬೇಕು, ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡಕ್ಕೂ ಹೊಸ ಪೇಸ್ಟ್ ಹಾಕಬೇಕು ಎಂದು ಬಿಡಿಸಿ ಹೇಳಿ. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ ಹರಿದಿದ್ದರೆ ಅದೇ ದಪ್ಪದ್ದನ್ನೇ ಹಾಕಬೇಕು. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಚಿಪ್ ಮೇಲೆ ಸರಿಯಾಗಿ ಕೂರುವುದಿಲ್ಲ. ಸಾಧ್ಯವಾದರೆ ಎದುರಿಗೇ ಮಾಡಿಸಿ. ಲಿಕ್ವಿಡ್ ಮೆಟಲ್ ಹಾಕುತ್ತೇನೆ ಎಂದರೆ ಬೇಡ ಎನ್ನಿ. ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಪಕ್ಕಕ್ಕೆ ಜಾರಿದರೂ ಬೋರ್ಡ್ ಹೋಯಿತು. ಇದಕ್ಕೆಲ್ಲ ತಗಲುವ ಖರ್ಚು ಹೊಸ ಲ್ಯಾಪ್‌ಟಾಪ್‌ನ ಒಂದು ತಿಂಗಳ ಕಂತಿಗಿಂತ ತುಂಬಾ ಕಡಿಮೆ. ಸರ್ವಿಸ್ ಆದ ಮೇಲೆ ಅದೇ ಆಟ, ಅದೇ ಅರ್ಧ ಗಂಟೆ, ಅದೇ ಎಚ್‌ಡಬ್ಲ್ಯುಇನ್ಫೋ. ಎರಡೂ ಸಲದ ಅಂಕಿ ಬರೆದಿಟ್ಟುಕೊಳ್ಳಿ. ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ ಅದೇ ಹೇಳುತ್ತದೆ.

ಇನ್ನು ರ‍್ಯಾಮ್. ನಿಮ್ಮ ಗೆಳೆಯರ ಮಾತು ಅರ್ಧ ನಿಜ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ಒತ್ತಿ ನೋಡಿ. ‘ಸ್ಲಾಟ್ಸ್ ಯೂಸ್ಡ್’ ಎಂಬಲ್ಲಿ ಎರಡರಲ್ಲಿ ಒಂದು ಎಂದಿದ್ದರೆ ಒಂದು ಸ್ಲಾಟ್ ಖಾಲಿ ಇದೆ. ಅಲ್ಲಿಗೆ ಇನ್ನೊಂದು 8 ಜಿಬಿ ಹಾಕಿದರೆ ಒಟ್ಟು 16 ಆಗುವುದು ಮಾತ್ರವಲ್ಲ, ಡ್ಯುಯಲ್ ಚಾನೆಲ್ ಕೂಡ ಆಗುತ್ತದೆ. ಪ್ರೊಸೆಸರ್ ಎರಡೂ ಸ್ಟಿಕ್‌ನಿಂದ ಒಟ್ಟಿಗೆ ಓದುತ್ತದೆ. ಇದರಿಂದ ಸರಾಸರಿ ಎಫ್‌ಪಿಎಸ್ ಸ್ವಲ್ಪ ಏರುತ್ತದೆ. ಅದಕ್ಕಿಂತ ಹೆಚ್ಚಾಗಿ ನಡುನಡುವೆ ಕ್ಷಣಕಾಲ ಸಿಕ್ಕಿಹಾಕಿಕೊಂಡ ಹಾಗಾಗುವುದು ಕಡಿಮೆಯಾಗುತ್ತದೆ. ಇವತ್ತು ವಿಂಡೋಸ್, ಬ್ರೌಸರ್, ಡಿಸ್ಕಾರ್ಡ್, ಒಂದು ಗೇಮ್ ಇಷ್ಟನ್ನು ತೆರೆದರೆ 8 ಜಿಬಿ ಸಾಲುವುದಿಲ್ಲ, ಅದು ಖಂಡಿತ.

ಆದರೆ ಬೆಲೆ? ಅಲ್ಲೇ ಲೆಕ್ಕ ಬದಲಾಗಿರುವುದು. 2025ರ ಕೊನೆಯಿಂದ ಮೆಮೊರಿ ಬೆಲೆ ಜಗತ್ತಿನಾದ್ಯಂತ ದುಪ್ಪಟ್ಟಿಗೂ ಮೀರಿ ಏರಿದೆ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೂ ತಮ್ಮ ಕಾರ್ಖಾನೆಗಳನ್ನು ಎಐ ಸರ್ವರ್‌ಗಳಿಗೆ ಬೇಕಾದ ಮೆಮೊರಿಯ ಕಡೆ ತಿರುಗಿಸಿವೆ. ಅದರಲ್ಲಿ ಲಾಭ ಜಾಸ್ತಿ. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ನಿಮಗೆ ಬೇಕಾದ ಡಿಡಿಆರ್4 ಹಳೆಯ ತಲೆಮಾರಿನದು, ಅದನ್ನು ತಯಾರಿಸುವುದನ್ನೇ ಕಡಿಮೆ ಮಾಡಿದ್ದಾರೆ. ಮೇಲಾಗಿ ಈಗಿನ ಹೊಸ ಲ್ಯಾಪ್‌ಟಾಪ್‌ಗಳಿಗೆ ಬೇಕಾಗಿರುವುದು ಹೆಚ್ಚಾಗಿ ಡಿಡಿಆರ್5. ಡಿಡಿಆರ್4 ಸ್ಟಿಕ್ ಅದರೊಳಗೆ ಕೂರುವುದೇ ಇಲ್ಲ. ಅಂದರೆ ಎಸ್‌ಎಸ್‌ಡಿಯ ದುಡ್ಡು ಮುಂದಕ್ಕೂ ಬರುತ್ತದೆ, ಈ ರ‍್ಯಾಮ್‌ನ ದುಡ್ಡು ಇಲ್ಲೇ ಉಳಿಯುತ್ತದೆ.

ಅದಕ್ಕೇ ನಾನು ಹೇಳುವುದು, ಸೆಕೆಂಡ್ ಹ್ಯಾಂಡ್ 8 ಜಿಬಿ ಸ್ಟಿಕ್ ಹುಡುಕಿ. ರ‍್ಯಾಮ್ ಬ್ಯಾಟರಿ, ಫ್ಯಾನ್‌ಗಳ ಹಾಗೆ ಸವೆಯುವ ವಸ್ತು ಅಲ್ಲ. ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಲ್ಲಿ ಬೋರ್ಡ್ ಹೋದ ಲ್ಯಾಪ್‌ಟಾಪ್‌ಗಳಿಂದ ತೆಗೆದ ಸ್ಟಿಕ್‌ಗಳು ಇದ್ದೇ ಇರುತ್ತವೆ. ಪರಿಚಯದವರು ಬೆಂಗಳೂರಿನಲ್ಲಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡ್‌ನಲ್ಲಿ ಕೇಳಿಸಿ. ಲ್ಯಾಪ್‌ಟಾಪ್‌ಗೆ ಬರುವ ಡಿಡಿಆರ್4 ಸೋಡಿಮ್ ಎಂದು ಸ್ಪಷ್ಟವಾಗಿ ಹೇಳಬೇಕು. ನಿಮ್ಮದು 2666 ವೇಗದ್ದು. 3200ರದ್ದು ಸಿಕ್ಕರೂ ಪರವಾಗಿಲ್ಲ, 2666ರಲ್ಲೇ ಓಡುತ್ತದೆ. ಒಂದು ವಾರದ ಚೆಕಿಂಗ್ ವಾರಂಟಿ ಕೇಳಿ ಪಡೆಯಿರಿ. ಆ ವಾರದಲ್ಲಿ ಒಂದು ರಾತ್ರಿ ಪೂರ್ತಿ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷಿಸುವ ಸಾಫ್ಟ್‌ವೇರ್ ಓಡಿಸಿ. ಒಂದೇ ಒಂದು ಎರರ್ ಬಂದರೂ ವಾಪಸ್ ಕೊಡಿ. ಹೊಸ ಸ್ಟಿಕ್‌ಗೆ ಬಾಯಿಗೆ ಬಂದ ಬೆಲೆ ಹೇಳಿದರೆ ಎಸ್‌ಎಸ್‌ಡಿ ಮತ್ತು ಸರ್ವಿಸ್ ಇಷ್ಟಕ್ಕೇ ನಿಲ್ಲಿಸಿ, ಸ್ವಲ್ಪ ದಿನ ನೋಡಿ. ಎಸ್‌ಎಸ್‌ಡಿ ಬೆಲೆಯೂ ಏರಿದೆ, ಆದರೂ ಅದು ಬೇಕೇ ಬೇಕು. ರ‍್ಯಾಮ್‌ಗೆ ಕಾಯಬಹುದು.

ಇನ್ನು ಸೈಬರ್‌ಪಂಕ್. 2023ರ 2.0 ಅಪ್‌ಡೇಟ್ ಆದ ಮೇಲೆ ಅದು ಕನಿಷ್ಠ ಎಂದು ಕೇಳುವುದು ಜಿಟಿಎಕ್ಸ್ 1060ರ 6 ಜಿಬಿ, 12 ಜಿಬಿ ರ‍್ಯಾಮ್, ಜೊತೆಗೆ ಎಸ್‌ಎಸ್‌ಡಿ. ನಿಮ್ಮ 1650 ಆ ಗೆರೆಗಿಂತ ಸ್ವಲ್ಪ ಕೆಳಗಿದೆ. ಎಸ್‌ಎಸ್‌ಡಿ, 16 ಜಿಬಿ ರ‍್ಯಾಮ್ ಎರಡೂ ಆದ ಮೇಲೆ, ಎಲ್ಲ ಸೆಟ್ಟಿಂಗ್ ಲೋ ಇಟ್ಟು, ಎಎಂಡಿಯ ಎಫ್‌ಎಸ್‌ಆರ್ ಆನ್ ಮಾಡಿದರೆ ಆಡಬಹುದಾದ ಮಟ್ಟಕ್ಕೆ ಬರುತ್ತದೆ. ಎಫ್‌ಎಸ್‌ಆರ್ ಅಂದರೆ ಚಿತ್ರವನ್ನು ಚಿಕ್ಕದಾಗಿ ಬರೆದು ಆಮೇಲೆ ಹಿಗ್ಗಿಸಿ ತೋರಿಸುವ ತಂತ್ರ. ಇಂಥದ್ದೇ ತಂತ್ರವಾದ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು, ಎಫ್‌ಎಸ್‌ಆರ್‌ಗೆ ಬೇಡ. ಆದರೆ ಚಂದದ ಚಿತ್ರ, 60 ಎಫ್‌ಪಿಎಸ್ ಎರಡೂ ಬೇಕು ಅಂದರೆ ಈ ಲ್ಯಾಪ್‌ಟಾಪ್‌ನಲ್ಲಿ ಆಗುವುದಿಲ್ಲ.

ಅದರಾಚೆಗೆ ಒಂದು ಗೋಡೆ ಇದೆ. ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್ (2024), ಡೂಮ್: ದಿ ಡಾರ್ಕ್ ಏಜಸ್ (2025) ಇಂಥ ಆಟಗಳಿಗೆ ರೇ ಟ್ರೇಸಿಂಗ್ (ಬೆಳಕು ಹೋಗುವ ದಾರಿಯನ್ನು ಲೆಕ್ಕ ಹಾಕಿ ಚಿತ್ರ ಬಿಡಿಸುವ ವಿಧಾನ) ಹಾರ್ಡ್‌ವೇರ್ ಕಡ್ಡಾಯ. ಜಿಟಿಎಕ್ಸ್ 1650ರಲ್ಲಿ ಅದಿಲ್ಲ. ಸೆಟ್ಟಿಂಗ್ ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ನಿಮಗೆ ಆಡಬೇಕಿರುವುದು ಇಂಥವೇ ಆಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಆಗ ಹಳೆಯದಕ್ಕೆ ರ‍್ಯಾಮ್‌ನಂಥ ಮುಂದಕ್ಕೆ ಬಾರದ ಖರ್ಚು ಒಂದು ರೂಪಾಯಿಯೂ ಮಾಡಬೇಡಿ ಎನ್ನುತ್ತಿದ್ದೆ.

ನಿಮ್ಮಲ್ಲಿ ಯಾವ ಆಟಕ್ಕೆ ಯಾವುದು ಅಡ್ಡ ಬರುತ್ತಿದೆ ಎಂದು ಪತ್ತೆ ಹಚ್ಚಲು ಒಂದು ಸುಲಭದ ಪರೀಕ್ಷೆ ಇದೆ. ಆಟದ ರೆಸಲ್ಯೂಷನ್ 1080ರಿಂದ 720ಕ್ಕೆ ಇಳಿಸಿ. ಎಫ್‌ಪಿಎಸ್ ಚೆನ್ನಾಗಿ ಏರಿದರೆ ಅಡ್ಡ ಬರುತ್ತಿರುವುದು ಗ್ರಾಫಿಕ್ಸ್. ಏರಲೇ ಇಲ್ಲ ಎಂದರೆ ಪ್ರೊಸೆಸರ್, ರ‍್ಯಾಮ್ ಅಥವಾ ಬಿಸಿ. ಇದನ್ನು ಸರ್ವಿಸ್ ಆದ ಮೇಲೆ ಮಾಡಿ. ಬಿಸಿಯಾಗಿ ನರಳುತ್ತಿರುವಾಗ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ.

ದುಡ್ಡು ಹಾಕುವ ಮುಂಚೆ ಇನ್ನೆರಡು ಜಾಗ ನೋಡಿ. ಒಂದು, ಹಿಂಜ್, ಅಂದರೆ ಸ್ಕ್ರೀನ್ ಮಡಚುವ ಕೀಲು. ಸ್ಕ್ರೀನ್ ಎತ್ತುವಾಗ ಮೂಲೆಯಲ್ಲಿ ಕಟಕಟ ಸದ್ದು ಬಂದರೆ ಅಥವಾ ಬಾಡಿ ಬಾಯಿ ಬಿಟ್ಟರೆ ಒಳಗಿನ ಪ್ಲಾಸ್ಟಿಕ್ ಬುಡ ಒಡೆಯುತ್ತಿದೆ. ಇದನ್ನು ಮೊದಲೇ ಸರಿಮಾಡಿಸದಿದ್ದರೆ ಸ್ಕ್ರೀನಿನ ಕೇಬಲ್ ತನಕ ಹೋಗುತ್ತದೆ. ಇನ್ನೊಂದು, ಬ್ಯಾಟರಿ. ಟಚ್‌ಪ್ಯಾಡ್ ಉಬ್ಬಿದ್ದರೆ, ಒತ್ತಿದರೂ ಕ್ಲಿಕ್ ಆಗದಿದ್ದರೆ, ಕೆಳಗಿನ ಬ್ಯಾಟರಿ ಊದಿದೆ. ಅವತ್ತೇ ಬಳಸುವುದನ್ನು ನಿಲ್ಲಿಸಿ ಬ್ಯಾಟರಿ ತೆಗೆಸಿ. ಅದು ಬೆಂಕಿ ಹತ್ತಿಕೊಳ್ಳುವ ವಸ್ತು, ಚುಚ್ಚುವುದು, ಒತ್ತುವುದು ಮಾಡಬಾರದು, ಮಾಮೂಲಿ ಕಸಕ್ಕೂ ಹಾಕಬಾರದು. ಊದದೆ ಬರೀ ಬೇಗ ಖಾಲಿಯಾಗುತ್ತಿದ್ದರೆ ಅವಸರವಿಲ್ಲ. ಆಟ ಆಡುವುದು ಹೇಗಿದ್ದರೂ ಚಾರ್ಜರ್ ಹಾಕಿಕೊಂಡೇ ಅಲ್ವಾ. ಗ್ರಾಫಿಕ್ಸ್ ಚಿಪ್‌ನಿಂದ ಪರದೆಯಲ್ಲಿ ಬಣ್ಣಬಣ್ಣದ ಚೌಕಗಳು ಬರುತ್ತಿದ್ದರೆ, ಅಥವಾ ಒಮ್ಮೆ ಬೋರ್ಡ್ ರಿಪೇರಿ ಆಗಿದ್ದರೆ, ಮೇಲೆ ಹೇಳಿದ್ದೆಲ್ಲ ರದ್ದು. ಅಂಥದ್ದಕ್ಕೆ ಮತ್ತೆ ಖರ್ಚು ಮಾಡಬೇಡಿ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಮುಂದಕ್ಕೆ ಬಾರದ ಖರ್ಚೆಲ್ಲ ಕೂಡಿಸಿ: ಸರ್ವಿಸ್, ರ‍್ಯಾಮ್, ಬ್ಯಾಟರಿ, ಹಿಂಜ್. ಲ್ಯಾಪ್‌ಟಾಪ್ ಈಗಿರುವ ಸ್ಥಿತಿಯಲ್ಲಿ ಮಾರಿದರೆ ಎಷ್ಟು ಬರುತ್ತದೆ ಎಂದು ವಿಚಾರಿಸಿ. ಖರ್ಚು ಅದರ ಅರ್ಧ ದಾಟಿದರೆ ಹೊಸದರ ಬಗ್ಗೆ ಯೋಚಿಸಿ. ಎಸ್‌ಎಸ್‌ಡಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಇದೇ ಪ್ರಶ್ನೆಯನ್ನು ಐ5-7300ಎಚ್‌ಕ್ಯೂ, ಜಿಟಿಎಕ್ಸ್ 1050 ಇರುವವರು ಕೇಳಿದರೆ ನಾನು ಇಷ್ಟು ಧೈರ್ಯವಾಗಿ ಹೇಳುವುದಿಲ್ಲ. ಆ ಪ್ರೊಸೆಸರ್ ವಿಂಡೋಸ್ 11ಕ್ಕೆ ಅರ್ಹವಲ್ಲ. 1050, 1060 ಕಾರ್ಡ್‌ಗಳಿಗೆ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್ ಕೊಡುವುದನ್ನು 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಸೆಕ್ಯುರಿಟಿ ಅಪ್‌ಡೇಟ್ ಮಾತ್ರ ಇನ್ನಷ್ಟು ಕಾಲ ಬರುತ್ತದೆ. ನಿಮ್ಮ 1650 ಅದರ ಮುಂದಿನ ತಲೆಮಾರು, ಆ ಪಟ್ಟಿಯಲ್ಲಿ ಇಲ್ಲ.

ಹೊಸದು ಕೊಳ್ಳುವ ದಿನ ಬಂದಾಗ ಮೊದಲು ಗ್ರಾಫಿಕ್ಸ್ ಮೆಮೊರಿ ನೋಡಿ. ಆರ್‌ಟಿಎಕ್ಸ್ ಎಂಬ ಹೆಸರು ನೋಡಿ ಮರುಳಾಗಬೇಡಿ. ಆರ್‌ಟಿಎಕ್ಸ್ 2050ಯಲ್ಲೂ ಇರುವುದು ಅದೇ 4 ಜಿಬಿ. 3050ಯಲ್ಲಿ 4 ಜಿಬಿಯದೂ ಇದೆ, 6 ಜಿಬಿಯದೂ ಇದೆ. 4050ಯಲ್ಲಿ 6. 4060, 5050, 5060 ಇವುಗಳಲ್ಲಿ 8. ನಾಲ್ಕೈದು ವರ್ಷ ಬಾಳಬೇಕಾದ ವಸ್ತುವಿಗೆ 8 ಜಿಬಿ ಇರಲಿ ಎಂಬುದು ನನ್ನ ಮಾತು. ನಿಮ್ಮ 75 ಸಾವಿರಕ್ಕೆ ಈಗ ಹೆಚ್ಚಾಗಿ ಕಣ್ಣಿಗೆ ಬೀಳುವುದು 3050, 4050 ಇರುವವು. ಈಗಲೇ ಕೊಂಡರೆ ಇನ್ನೆರಡು ವರ್ಷಕ್ಕೆ ಇದೇ ಪ್ರಶ್ನೆ ಮತ್ತೆ ಎದುರಾಗುತ್ತದೆ, ಅದೂ ಕಂತು ಕಟ್ಟಿ ಮುಗಿದ ಬೆನ್ನಿಗೇ. ಇನ್ನು ಒಂದೇ ಹೆಸರಿನ ಚಿಪ್‌ಗೆ ಬೇರೆ ಬೇರೆ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ವ್ಯಾಟ್ ಕೊಟ್ಟಿರುತ್ತಾರೆ. 4060ಗೆ 35ರಿಂದ 115 ವ್ಯಾಟ್ ತನಕ ಇದೆ. ಕಡಿಮೆ ವ್ಯಾಟ್‌ನ 4060, ಜಾಸ್ತಿ ವ್ಯಾಟ್‌ನ 4050ಗಿಂತ ಹೆಚ್ಚೇನೂ ಮುಂದಿರುವುದಿಲ್ಲ. ಟಿಜಿಪಿ, ಅಂದರೆ ಗ್ರಾಫಿಕ್ಸ್ ಚಿಪ್‌ಗೆ ಕೊಟ್ಟಿರುವ ವ್ಯಾಟ್, ಎಷ್ಟು ಎಂದು ಕೇಳಿ. ಉತ್ತರ ಸಿಗದಿದ್ದರೆ ಕೊಳ್ಳಬೇಡಿ. ರ‍್ಯಾಮ್ ಈಗ ದುಬಾರಿ ಆಗಿರುವುದರಿಂದ ‘8 ಜಿಬಿ ತಗೊಂಡು ಆಮೇಲೆ ಹಾಕಿಸೋಣ’ ಎಂಬ ಹಳೆಯ ಲೆಕ್ಕ ನಡೆಯುವುದಿಲ್ಲ. 16 ಜಿಬಿ ಒಳಗೇ ಇರುವುದನ್ನೇ ನೋಡಿ.

ಕಂತಿನ ಬಗ್ಗೆ ಅಪ್ಪನಿಗೆ ಒಂದು ಮಾತು ತಿಳಿಸಿ. ‘ನೋ ಕಾಸ್ಟ್ ಇಎಂಐ’ ಎಂದು ಬರೆದಿದ್ದರೂ ಸಾಮಾನ್ಯವಾಗಿ ಪ್ರೊಸೆಸಿಂಗ್ ಫೀ ಇರುತ್ತದೆ, ಕ್ರೆಡಿಟ್ ಕಾರ್ಡ್ ಆದರೆ ಬಡ್ಡಿಯ ಭಾಗದ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. ಒಟ್ಟು ಕಟ್ಟುವ ಮೊತ್ತ ಎಷ್ಟು ಎಂದು ಬರೆಸಿಕೊಳ್ಳಿ.

ಕಾಲೇಜಿನ ಪ್ರಾಜೆಕ್ಟ್‌ಗೆ ಮೆಷಿನ್ ಲರ್ನಿಂಗ್ ಬೇಕಾಗಬಹುದು ಎಂಬ ಚಿಂತೆ ಇದ್ದರೆ, ಅದಕ್ಕಾಗಿ ಲ್ಯಾಪ್‌ಟಾಪ್ ಬದಲಾಯಿಸಬೇಕಿಲ್ಲ. ಗೂಗಲ್ ಕೊಲ್ಯಾಬ್‌ನಲ್ಲಿ ಇಂಟರ್ನೆಟ್ ಮೂಲಕ ಉಚಿತವಾಗಿ ಸಿಗುವ ಜಿಪಿಯು (ಗ್ರಾಫಿಕ್ಸ್ ಚಿಪ್) ವಿದ್ಯಾರ್ಥಿಗಳ ಕೆಲಸಕ್ಕೆ ಸಾಕು.

ಕೊನೆಗೆ ಹಳೆಯ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ ಹಾಕಿದ ಮೇಲೂ ಅದನ್ನು ಒಳಗೇ ಬಿಡಬಹುದು, ಫೋಟೊ, ಸಿನಿಮಾ ಇಡಲು ಆಗುತ್ತದೆ. ಅದಕ್ಕೂ ಮುಂಚೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಹಾಕಿ ನೋಡಿ. ‘ಗುಡ್’ ಎಂದು ನೀಲಿ ಬಣ್ಣ ತೋರಿಸಿದರೆ ಸರಿ. ‘ಕಾಷನ್’ ಎಂದು ಹಳದಿ ಬಂದರೆ ಡಿಸ್ಕಿನ ಕೆಲವು ಭಾಗ ಆಗಲೇ ಹಾಳಾಗಿದೆ. ಹಾಗಿದ್ದರೆ ಅಂಗಡಿಗೆ ಹೋಗುವ ಮೊದಲೇ ಅಣ್ಣನ ಫೋಟೊಗಳು, ನಿಮ್ಮ ಪ್ರಾಜೆಕ್ಟ್ ಫೈಲ್‌ಗಳು ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಆಮೇಲೆ ಸ್ಕ್ರೂ ಬಿಚ್ಚಿಸಿ.